ಬಲಗಾಲಿನ ನಾಟಿ ವೈದ್ಯ

ಇವತ್ತು ಬೆಳಗ್ಗೆ ನಮ್ಮ ಮನೆಯ ಬಚ್ಚಲ ಬಾಗಿಲಲ್ಲಿ ಹಾಸಿದ್ದ ಕಾಲೊರೆಸಿನ ಮೇಲೆ ಅರಿಶಿನದ ಹೆಜ್ಜೆಯೊಂದು ಕಾಣಿಸಿತು. ಒಂದೇ ಹೆಜ್ಜೆ, ಅದೂ ಬಲಗಾಲಿನದು. ನಮ್ಮ ಯಜಮಾನರು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಬಗ್ಗಿ ನೋಡಿ, "ಇದೇನೇ, ಲಕ್ಷ್ಮಿ ಒಂಟಿ ಕಾಲಲ್ಲಿ ಕುಂಟ್ಕಂಡು ಬಂದವ್ಳಾ ಮನೆಗೆ?" ಎಂದರು. ಲಕ್ಷ್ಮಿಯಲ್ಲ, ನಾನೇ. ನಿನ್ನೆ ಸಂಜೆ ತವರೂರು ಭೀಮನಬೀಡಿನಿಂದ ಬಂದವಳು ಕಾಲು ತೊಳೆದದ್ದು ಸಾಲದೆ ಹೋಗಿದೆ. ಹೆಜ್ಜೆ ನನ್ನದಾದರೂ ಅದರ ಕಥೆ ಮಾತ್ರ ನನ್ನಕ್ಕ ಶಿವಮ್ಮನ ಕೈಬೆರಳುಗಳದು. ಆ ಬೆರಳುಗಳು ಮತ್ತೆ ಮಡಚುತ್ತವೋ ಇಲ್ಲವೋ ಎಂಬ ಚಿಂತೆಯಲ್ಲೇ ನಮ್ಮ ಈ ವರ್ಷದ ಅರ್ಧ ಕಳೆಯಿತು.

ಮೊದಲು ಕಾಲಿನ ವಿಷಯ ಹೇಳಿಬಿಡುತ್ತೇನೆ. ನಾನು ಹುಟ್ಟುವಾಗ ತಲೆಯ ಬದಲು ಕಾಲನ್ನು ಮುಂದಾಗಿ ಲೋಕಕ್ಕೆ ಕಳಿಸಿದೆನಂತೆ. ಸೂಲಗಿತ್ತಿ ಅಜ್ಜಿ ಬೆವೆತು ನೀರಾಗಿ, ಕೊನೆಗೆ ತಾಯಿ ಮಗು ಇಬ್ಬರೂ ಉಳಿದರು ಅಂತ ಖಾತ್ರಿಯಾದ ಮೇಲೆ, "ಎಣ್ಣಾದ್ರೇನವ್ವ, ಸೊಂಟ ಉಳುಕ್ದೋರ್ಗೆಲ್ಲ ಈ ಕಾಲೇ ಔಸ್ದಿ" ಎಂದಳಂತೆ. ಕಾಲು ಮುಂದಾಗಿ ಹುಟ್ಟಿದವರು ಉಳುಕಿದ ಸೊಂಟವನ್ನು ಕಾಲಿನಿಂದ ಒತ್ತಿದರೆ ನೋವು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಉಂಟು. ನಿಮ್ಮ ಕಡೆಯೂ ಇದ್ದೀತು, ಮನೆಯ ಹಿರಿಯರನ್ನು ಕೇಳಿ ನೋಡಿ. ಹೀಗೆ ನಾನು ಅಕ್ಷರ ಕಲಿಯುವ ಮೊದಲೇ ವೈದ್ಯಳಾದೆ.

"ಒದಿಯ ಉಡ್ಗಿ ಅವಳಾ ಮನೇಲಿ?" ಎಂದು ಬಾಗಿಲಲ್ಲಿ ಯಾರಾದರೂ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರೆ ನನ್ನ ಆಟ ಅಲ್ಲಿಗೆ ಮುಗಿಯಿತು. ಉಣ್ಣುತ್ತಿದ್ದರೆ ಎಬ್ಬಿಸುವರು, ಮಲಗಿದ್ದರೆ ಎತ್ತಿಕೊಂಡು ಬರುವರು. ನೋವಿನವರು ಜಗಲಿಯ ಮೇಲೆ ಬೋರಲು ಮಲಗಬೇಕು. ನಾನು ಗೋಡೆ ಹಿಡಿದು ನಿಂತು ಬಲಗಾಲನ್ನು ಅವರ ಸೊಂಟದ ಮೇಲೆ ಊರಿ ಮೆಲ್ಲಗೆ ಒತ್ತಬೇಕು. ಬೇರೆ ಮನೆಗಳಲ್ಲಿ ಎಣ್ಣೆಯನ್ನು ನೋವಿರುವ ಜಾಗಕ್ಕೆ ಹಚ್ಚುತ್ತಾರೆ. ನಮ್ಮ ಮನೆಯ ಪದ್ಧತಿ ಬೇರೆ, ಎಣ್ಣೆ ನನ್ನ ಅಂಗಾಲಿಗೆ. ಲಕ್ಕಿ ಸೊಪ್ಪನ್ನು ಜಜ್ಜಿ, ಹಸಿ ಅರಿಶಿನ ತೇದು, ಹರಳೆಣ್ಣೆಯಲ್ಲಿ ಹಾಕಿ ಕಾಯಿಸಿ, ಕೈ ತಾಳುವಷ್ಟು ಬಿಸಿ ಇರುವಾಗ ಅಂಗಾಲಿಗೆ ಬಳಿಯಬೇಕು. ಈ ಕೆಲಸವೆಲ್ಲ ಅಕ್ಕನದು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಲಕ್ಷಣವಾಗಿ ತಲೆ ಮುಂದಾಗಿಯೇ ಹುಟ್ಟಿದವಳು, ಹಾಗಾಗಿ ಯಾವ ಮರ್ಯಾದೆಯೂ ಇಲ್ಲದವಳು.

"ಕಾಲು ನಿಂದು, ಕಷ್ಟ ನಂದು" ಎಂದು ಗೊಣಗುತ್ತಲೇ ಅವಳು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಹಿರಿಯರಿಗೆ ಕಾಲು ತಾಗಿಸಿದ ಪಾಪ ಅಂಟಬಾರದಲ್ಲ, ಅದಕ್ಕಾಗಿ ವೈದ್ಯ ಮುಗಿದ ಕೂಡಲೇ ನಾನು ಅವರ ಕಾಲಿಗೆ ಬಿದ್ದು ನಮಸ್ಕಾರ ಮಾಡಬೇಕೆಂದು ಅವ್ವನ ಕಟ್ಟಪ್ಪಣೆ. ಅವರು "ಶಿವ ಒಳ್ಳೇದ್ ಮಾಡ್ಲಿ" ಎಂದು ತಲೆ ಮುಟ್ಟಿ, ಬೆಲ್ಲವೋ ಕೊಬ್ಬರಿಯೋ ಕೈಗಿಡುತ್ತಿದ್ದರು. ಎಣ್ಣೆ ಕಾಯಿಸಿದವಳಿಗೆ ಏನೂ ಇಲ್ಲ. ಆ ಸಿಟ್ಟನ್ನು ಅಕ್ಕ, ನಾನು ಬಗ್ಗಿದ ಹೊತ್ತು ನೋಡಿಕೊಂಡು, ನೆತ್ತಿಯ ಮೇಲೆ ಮುಷ್ಟಿಯಿಂದ ಟಣ್ ಎಂದು ಮೊಟಕಿ ತೀರಿಸಿಕೊಳ್ಳುತ್ತಿದ್ದಳು. ಅಕ್ಕನ ಮೊಟಕು ಅಂದರೆ ಕಣ್ಣಲ್ಲಿ ನೀರು ಬರಬೇಕು. ನಾನು ಅಳುತ್ತಾ ಬೆಲ್ಲದಲ್ಲಿ ಅರ್ಧ ಅವಳಿಗೆ ಮುರಿದು ಕೊಡುತ್ತಿದ್ದೆ.

ಒಮ್ಮೆ ಚಂದಕವಾಡಿಯಿಂದ ಒಬ್ಬ ದೊಡ್ಡ ಜಮೀನ್ದಾರರು ಎರಡು ಬಸ್ಸು ಬದಲಾಯಿಸಿ ಬಂದರು. ಹಣೆಯ ತುಂಬ ವಿಭೂತಿ, ಹೊಟ್ಟೆಯೂ ಅದಕ್ಕೆ ತಕ್ಕಂತೆ. ಅವರು ಬೋರಲು ಮಲಗಿದರೆ ಹೊಟ್ಟೆಯ ಮೇಲೆ ಆಚೀಚೆ ಉರುಳುತ್ತಿದ್ದರೇ ಹೊರತು ನೆಲಕ್ಕೆ ಹತ್ತುತ್ತಿರಲಿಲ್ಲ. ನಾನು ಕಾಲಿಟ್ಟೆ, ಅವರು ಉರುಳಿದರು, ನಾನು ಎಣ್ಣೆಗೆ ಕಾಲು ಜಾರಿ ಅವರ ಬೆನ್ನಿನ ಮೇಲೇ ಕೂತುಬಿಟ್ಟೆ. ಬೆನ್ನೊಳಗಿನಿಂದ "ಲಟಕ್" ಅಂತ ಶಬ್ದ ಬಂತು. ಎಲ್ಲರ ಮುಖವೂ ಬಿಳಿಚಿಕೊಂಡಿತು. ಜಮೀನ್ದಾರರು ಎದ್ದು ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, "ಅಯ್ಯೋ ಶಿವ್ನೆ, ಬುಟ್ಟೋಯ್ತು ಕಣಮ್ಮಿ!" ಎಂದರು. ಅವತ್ತಿನಿಂದ ನನ್ನ ಕಾಲಿನ ಕೀರ್ತಿ ಗುಂಡ್ಲುಪೇಟೆ ದಾಟಿತು.

ದೊಡ್ಡವಳಾದ ಮೇಲೆ ನಾನು ಓದಿದ್ದು ರಸಾಯನಶಾಸ್ತ್ರ. ಈಗ ಚಾಮರಾಜನಗರದ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಅರಿಶಿನದಲ್ಲಿರುವ ಕರ್ಕ್ಯುಮಿನ್, ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ತಲೆನೋವಿನ ಮಾತ್ರೆಗೆ ಮೂಲವಾದ ಯಾವುದೋ ದೂರದೇಶದ ಮರದ ತೊಗಟೆ, ಇವೆಲ್ಲ ಹೇಳುವಾಗ ಮಕ್ಕಳು ಸ್ವಲ್ಪ ಎಚ್ಚರವಾಗುತ್ತಾರೆ. ಅರಿಶಿನದ ವಿಷಯ ನಮ್ಮೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಬೇಯಿಸುವ ಕಾಲದಲ್ಲಿ ಈ ಕಡೆಯ ಹೊಲಗಳ ಹಾದಿಯಲ್ಲಿ ಬಂದರೆ ಸೀರೆಯ ಸೆರಗೂ ಅರಿಶಿನ ನಾರುತ್ತದೆ. ಅದೇ ಅರಿಶಿನ ಎಲ್ಲೆಲ್ಲಿಗೋ ಹೋಗಿ, ಕ್ಯಾಪ್ಸೂಲಿನೊಳಗೆ ಕೂತು, ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ ಅಂಟಿಸಿಕೊಂಡು ನಮ್ಮ ಬೀದಿಯ ಮೆಡಿಕಲ್ ಸ್ಟೋರಿಗೇ ವಾಪಸು ಬರುತ್ತದೆ. ಬರಿಯ ಕರ್ಕ್ಯುಮಿನ್ ಮೈಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ, ಜೊತೆಗೆ ಕಾಳುಮೆಣಸಿನ ಸತ್ವ ಇದ್ದರೆ ಮೇಲು ಎನ್ನುತ್ತಾರೆ. ನಮ್ಮವ್ವ ಕೆಮ್ಮಿದರೆ ಸಾಕು, ಅರಿಶಿನ ಹಾಲಿಗೆ ಮೆಣಸು ಕುಟ್ಟಿ ಹಾಕುತ್ತಿದ್ದಳು. ಅವಳಿಗೆ ಶಾಸ್ತ್ರ ಗೊತ್ತಿತ್ತು ಅಂತಲ್ಲ, ಅವಳು ಎಲ್ಲಕ್ಕೂ ಮೆಣಸು ಹಾಕುತ್ತಿದ್ದಳು.

ಇಷ್ಟೆಲ್ಲ ಓದಿಕೊಂಡವಳಿಗೆ ತನ್ನ ಕಾಲಿನ ಮಹಿಮೆಯ ಮೇಲೆ ನಂಬಿಕೆ ಉಳಿಯಲು ಸಾಧ್ಯವೇ? ಉಳುಕು ಬಹಳ ಸಲ ತಾನಾಗಿಯೇ ಬಿಡುತ್ತದೆ, ಬಿಸಿ ಎಣ್ಣೆಯೂ ಒತ್ತಡವೂ ಒಂದಿಷ್ಟು ಹಿತ ಕೊಡುತ್ತವೆ, ಕಾಲು ನೆಪ ಮಾತ್ರ. ಹೀಗೆ ನಾನು ನನ್ನನ್ನೇ ಕೆಲಸದಿಂದ ಬಿಡಿಸಿಕೊಂಡಿದ್ದೆ.

ಹೋದ ಚಳಿಗಾಲದ ಕೊನೆಗೆ ಅಕ್ಕನ ಫೋನು ಬಂತು. ಅವಳನ್ನು ಊರಲ್ಲೇ ಸೋದರಮಾವನ ಮಗನಿಗೆ ಕೊಟ್ಟಿದ್ದರಿಂದ ಅವಳು ಭೀಮನಬೀಡು ಬಿಟ್ಟವಳಲ್ಲ. "ಬೆರಳು ಮಡಚಕಾಯ್ತಿಲ್ಲ ಕಣಮ್ಮಿ. ಬೆಳಿಗ್ಗೆ ಎದ್ರೆ ಕೈ ಎರಡೂ ಮರದ ತುಂಡಾಗಿರ್ತವೆ. ಮುದ್ದೆ ಕಟ್ಟಕೋದ್ರೆ ಇಟ್ಟು ಕೈಗ್ ಬರದಿಲ್ಲ. ನೀ ಬಂದು ಒಂದ್ ಸಲ ಕಾಲಿಡು."

"ಅಕ್ಕ, ಅದು ಉಳುಕಲ್ಲ. ಡಾಕ್ಟರಿಗೆ ತೋರಿಸು."

"ನಿನ್ ಪಾಠ ಕಾಲೇಜಲ್ಲಿ ಇಟ್ಕ. ಬತ್ತೀಯೋ ಇಲ್ವೋ ಏಳು."

ಅಕ್ಕ ಕಟ್ಟುವ ಮುದ್ದೆಯ ಬಗ್ಗೆ ನಿಮಗೆ ಹೇಳಬೇಕು. ಒಂದು ಗಂಟಿಲ್ಲ, ಒಂದು ಬಿರುಕಿಲ್ಲ. ಬಿಸಿ ಹಿಟ್ಟನ್ನು ಒದ್ದೆ ಕೈಯಲ್ಲಿ ತಿರುವಿ ತಿರುವಿ ಕಟ್ಟಿ ತಟ್ಟೆಗೆ ಇಟ್ಟರೆ ಅದರ ಮೈ ಹೊಳೆಯುತ್ತದೆ. ಮದುವೆ ಮನೆಗಳಲ್ಲೂ ಅವಳನ್ನು ಮುದ್ದೆಗೆಂದೇ ಕರೆಯುತ್ತಾರೆ. ನನಗೆ ಕಾಲು ಹೇಗೋ ಅವಳಿಗೆ ಕೈ ಹಾಗೆ, ವ್ಯತ್ಯಾಸವೆಂದರೆ ಅವಳ ಕೈಯ ಗುಣ ನಿಜವಾದದ್ದು. ಆ ಕೈ ನಿಂತುಹೋದರೆ ಅಕ್ಕನಲ್ಲಿ ಏನು ಉಳಿಯುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಹೋದೆ. ಅರಿಶಿನ ಬೇಯಿಸುವ ಹಬೆ ಊರ ತುಂಬ ಇತ್ತು. ಅಕ್ಕನ ಕೈ ಹಿಡಿದು ನೋಡಿದೆ. ಬೆರಳ ಗಿಣ್ಣುಗಳು ಊದಿಕೊಂಡು, ಮುಟ್ಟಿದರೆ ಬೆಚ್ಚಗಿದ್ದವು. ನನ್ನ ಅಂಗಾಲಿಗೆ ಎಣ್ಣೆ ಬಳಿಯಲೂ ಅವಳಿಂದಾಗಲಿಲ್ಲ. ಭಾವ ಚಮಚದಲ್ಲಿ ಎಣ್ಣೆ ತೊಟ್ಟಿಕ್ಕಿಸಿ, "ನನ್ಗೆ ಇದೆಲ್ಲ ಬರದಿಲ್ಲ ಕಣವ್ವ" ಎಂದು ನಾಚಿಕೊಂಡರು. ಅಕ್ಕ ಚಾಪೆಯ ಮೇಲೆ ಕೈ ಚಾಚಿದಳು. ನಾನು ಒತ್ತಲಿಲ್ಲ, ಸುಮ್ಮನೆ ತಾಗಿಸಿದೆ. ಡಾಕ್ಟರ ಮಾತನ್ನು ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಬೈಸಿಕೊಂಡು ಬಸ್ಸು ಹತ್ತಿದೆ.

ವಾರ ಕಳೆದಿರಬೇಕು, ಫೋನು. "ಮಡಚ್ತಾವ ಕಣಮ್ಮಿ! ಬೆರಳು ಮಡಚ್ತಾವ! ಇವತ್ತು ನಾನೇ ಮುದ್ದೆ ಕಟ್ಬುಟ್ಟೆ!" ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ.

ಇನ್ನು ಮುಂದಿನದನ್ನು ಹೇಳಲು ಸ್ವಲ್ಪ ಸಂಕೋಚ. ಫೋನಿಟ್ಟ ಮೇಲೆ ನಾನು ಕುರ್ಚಿಯ ಮೇಲೆ ಕೂತು ಬಲಗಾಲನ್ನು ಮೇಲೆತ್ತಿ ಚೆನ್ನಾಗಿ ನೋಡಿಕೊಂಡೆ. ಹಿಮ್ಮಡಿ ಒಡೆದ, ಕಿರುಬೆರಳಿಗೆ ಆಣಿ ಬಿದ್ದ ಸಾಧಾರಣ ಕಾಲು. ಆದರೂ ಏನೋ ಇದೆ ಅನ್ನಿಸಿತು. ಕಾಲಿನ ಮಹಿಮೆ ಅಂದರೆ ನಾಚಿಕೆಯಾಗುತ್ತದೆಂದು ಮನಸ್ಸು ಒಂದು ಸಿದ್ಧಾಂತ ಕಟ್ಟಿತು: ಲಕ್ಕಿ ಸೊಪ್ಪಿನಲ್ಲಿ ಉರಿಯೂತ ತಗ್ಗಿಸುವ ಅಂಶಗಳಿವೆ, ಅರಿಶಿನದಲ್ಲಿ ಕರ್ಕ್ಯುಮಿನ್ ಇದೆ, ಎಣ್ಣೆ ಅದನ್ನು ಕರಗಿಸಿಕೊಳ್ಳುತ್ತದೆ, ಕಾಲಿನ ಬಿಸಿ ಒಳಗೆ ಇಳಿಸುತ್ತದೆ. ಇದನ್ನೇ ಸ್ಟಾಫ್ ರೂಮಿನಲ್ಲಿ ಗಂಭೀರವಾಗಿ ವಿವರಿಸಿದೆ. ಕನ್ನಡ ಮೇಷ್ಟ್ರು ಕತ್ತು ಹಿಡಿದಿದೆ ಎಂದು ನರಳುತ್ತಿದ್ದರು, "ಮೇಡಂ, ಒಂದು ಸಲ..." ಎಂದು ಶುರುಮಾಡಿ, ಪ್ರಿನ್ಸಿಪಾಲರು ಬಂದದ್ದರಿಂದ ನಿಲ್ಲಿಸಿದರು. ಅವರ ಕತ್ತಿನ ಮೇಲೆ ಕಾಲಿಡುವ ಅವಕಾಶ ತಪ್ಪಿದ್ದಕ್ಕೆ ನನಗೆ ನಿಜವಾಗಿಯೂ ಬೇಸರವಾಯಿತು.

ಯುಗಾದಿಗೆ ಊರಿಗೆ ಹೋದಾಗ ಅಕ್ಕ ಬಾಗಿಲಲ್ಲೇ ಎದುರಾದಳು. ಮುಖ ತುಂಬಿಕೊಂಡು ಗುಂಡಗಾಗಿತ್ತು, ಕೆನ್ನೆ ಹೊಳೆಯುತ್ತಿತ್ತು. "ಶಿವಮ್ಮಕ್ಕನ್ಗೆ ಕಳೆ ಬಂದದ" ಎಂದು ನೆರೆಯವರೂ ಹೇಳುತ್ತಿದ್ದರು. ಆದರೆ ಕೈಕಾಲು ಮೊದಲಿಗಿಂತ ಸಣ್ಣಗಾಗಿದ್ದವು. ಮುಂಗೈ ಮೇಲೆ ಬಾಗಿಲು ತಾಗಿತೆಂದು ನೇರಳೆ ಬಣ್ಣದ ಕಲೆ. ಒಬ್ಬಟ್ಟು ಬೇಯಿಸುತ್ತಾ ಮತ್ತೆ ಮತ್ತೆ ಚೊಂಬು ಎತ್ತಿ ನೀರು ಕುಡಿಯುತ್ತಿದ್ದಳು. ನಾನು ಉಪ್ಪು ತೆಗೆದುಕೊಳ್ಳಲು ಕೈ ಹಾಕಿದರೆ, ಉಪ್ಪಿನ ಜಾಡಿಯ ಹಿಂದೆ ಗಾಜಿನ ಸೀಸೆಯಲ್ಲಿ ಕಂದು ಪುಡಿ.

"ಏನಿದು?"

ಅಕ್ಕ ಒಬ್ಬಟ್ಟನ್ನು ಸುಮ್ಮನೆ ತಿರುವಿ ಹಾಕಿದಳು. "ಬೇರಿನ್ ಪುಡಿ. ಗುಂಡ್ಲುಪೇಟೆ ಸಂತೆಲಿ ಒಬ್ಬ ಮಾರ್ತಾನ. ಜೇನುತುಪ್ಪದಲ್ಲಿ ಕಲಸ್ಕಂಡು ತಿನ್ನದು. ಬರೀ ಗಿಡದ್ದು ಕಣ, ಏನೂ ಆಗದಿಲ್ಲ."

"ಯಾವಾಗಿಂದ ತಿಂತಿದೀಯ?"

"ನೀ ಕಾಲಿಟ್ಟು ಓದ ಮಾರ್ನೆ ದಿನದಿಂದ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಎರಡೂ ಸೇರಿ ವಾಸಿ ಮಾಡ್ದವು ಅನ್ಕಂಡಿದ್ದೆ. ಏಳುದ್ರೆ ನಿನ್ಗೆ ಬೇಜಾರಾಯ್ತದ ಅಂತ ಸುಮ್ಕಿದ್ದೆ. ಎಷ್ಟಾದ್ರೂ ನಿನ್ ಕಾಲಲ್ವಾ?"

ನನ್ನ ಕಾಲಿನ ಕಥೆ ಅಲ್ಲಿಗೆ ಮುಗಿಯಿತು. ಸಣ್ಣದೊಂದು ದುಃಖ ಆದದ್ದು ನಿಜ, ಆದರೆ ಅದರ ಹಿಂದೆಯೇ ದೊಡ್ಡ ಭಯ ಬಂತು. ಗುಂಡು ಮುಖ, ಸಣ್ಣಗಾದ ಕೈಕಾಲು, ಬಾಯಾರಿಕೆ. ಇವನ್ನು ಜೋಡಿಸಿ ನೋಡಲು ಡಾಕ್ಟರೇ ಆಗಬೇಕಿಲ್ಲ. ಸೀಸೆಯ ಮುಚ್ಚಳ ತೆಗೆದು ಮೂಸಿದೆ. ಶುಂಠಿಯ ವಾಸನೆ ಬಂತು. ಇಷ್ಟು ವರ್ಷ ರಸಾಯನಶಾಸ್ತ್ರ ಕಲಿಸಿದ ಮೂಗಿಗೆ ಅದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ.

ಹಬ್ಬದ ಮಾರನೆಯ ದಿನ ಅಕ್ಕನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಚಾಮರಾಜನಗರಕ್ಕೆ ಬಂದೆ. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಸಮಾಧಾನದ ಹೆಂಗಸು. "ಅಮ್ಮಾ, ಮುಷ್ಟಿ ಕಟ್ಟಿ" ಎಂದರು. ಅಕ್ಕ ಹೆಮ್ಮೆಯಿಂದ ಎರಡೂ ಕೈಯ ಮುಷ್ಟಿ ಕಟ್ಟಿ ತೋರಿಸಿದಳು. ಡಾಕ್ಟರಮ್ಮ ಅವಳ ಮುಖ ನೋಡಿ, ಸೀಸೆ ನೋಡಿ, ರಕ್ತ ಪರೀಕ್ಷೆಗೆ ಬರೆದರು. ಸಕ್ಕರೆ ಏರಿತ್ತು. "ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿದ್ದಾರೆ ಅಂತ ಅನುಮಾನ. ಅದು ನೋವು ಬೇಗ ಇಳಿಸುತ್ತೆ, ಜೊತೆಗೇ ಮುಖ ಊದಿಸಿ ಸಕ್ಕರೆ ಏರಿಸುತ್ತೆ. ಇಂಥಾದ್ದು ನೋಡ್ತಾನೇ ಇರ್ತೀವಿ. ಆದ್ರೆ ಇದನ್ನ ಏಕ್‌ದಂ ನಿಲ್ಲಿಸಿದ್ರೂ ಅಪಾಯ. ಅಳತೆ ಇಟ್ಟು ಅದನ್ನೇ ನಾನು ಮಾತ್ರೆಯಲ್ಲಿ ಕೊಡ್ತೀನಿ, ನಿಧಾನವಾಗಿ ಇಳಿಸ್ತಾ ಬರೋಣ. ನಿಮ್ಮದು ಕೀಲುವಾತ. ಅದಕ್ಕೆ ಬೇರೆ ಮಾತ್ರೆ ಇದೆ, ಕೆಲಸ ಮಾಡೋಕೆ ತಿಂಗಳುಗಳು ಬೇಕು."

ಅಕ್ಕ ನನ್ನ ಕಡೆ ತಿರುಗಿ, "ವಾರದಲ್ಲಿ ವಾಸಿ ಮಾಡದು ಕೆಟ್ಟುದ್ದು, ತಿಂಗಳಾನ್ಗಟ್ಲೆ ಕಾಯ್ಸದು ಒಳ್ಳೇದು, ಅಂಗಾ ನಿಮ್ ಶಾಸ್ತ್ರ?" ಎಂದಳು. ಹೌದು, ಹಾಗೇ.

ಅವಳನ್ನು ಊರಿಗೆ ಬಿಡಲು ಮತ್ತೆ ಬಸ್ಸು ಹತ್ತಿದೆವು. ನಾನು ಗುಂಡ್ಲುಪೇಟೆಯವರೆಗೂ ಕಿಟಕಿಯಾಚೆ ನೋಡುತ್ತಾ "ಬರೀ ಗಿಡದ್ದು" ಎಂಬ ಅವಳ ಮಾತನ್ನೇ ಯೋಚಿಸುತ್ತಿದ್ದೆ. ಮೆಣಸಿನಕಾಯಿ ಖಾರವಾದದ್ದು ನಮ್ಮ ಮಂಡಿನೋವಿಗೆ ಮುಲಾಮು ಆಗಲೆಂದಲ್ಲ. ವಿಷದ ಕಣಗಿಲೆಯೂ ಗಿಡವೇ, ಉಮ್ಮತ್ತಿಯೂ ಗಿಡವೇ. ಅವು ತಮ್ಮನ್ನು ತಿನ್ನಲು ಬಂದವರನ್ನು ದೂರವಿಡಲು ಏನೇನೋ ಮಾಡಿಕೊಳ್ಳುತ್ತವೆ, ಅದರಲ್ಲಿ ಒಂದಿಷ್ಟು ನಮ್ಮ ನೋವಿಗೆ ಮದ್ದಾಗಿ ಒದಗುತ್ತದೆ. ತಮಾಷೆಯೆಂದರೆ, ಸ್ಟೆರಾಯ್ಡನ್ನು ಹೇರಳವಾಗಿ ಮಾಡಲು ದಾರಿಯಾದದ್ದೂ ಒಂದು ಬಗೆಯ ಕಾಡುಗೆಣಸು. ಸಂತೆಯವನು "ಬೇರಿನದು" ಎಂದದ್ದು ಆ ಲೆಕ್ಕದಲ್ಲಿ ಪೂರ್ತಿ ಸುಳ್ಳಲ್ಲವೇನೋ. ಬೇರಿನಿಂದ ಬಂದರೇನು, ಬಾಟಲಿಯಿಂದ ಬಂದರೇನು, ಎಷ್ಟು ತಿನ್ನುತ್ತಿದ್ದೇವೆ ಎಂಬುದು ಯಾರಿಗಾದರೂ ಗೊತ್ತಿರಬೇಕು. ಇದನ್ನೆಲ್ಲ ಅಕ್ಕನಿಗೆ ಹೇಳಬೇಕೆಂದು ತಿರುಗಿದರೆ ಅವಳು ಮಡಿಲಲ್ಲಿ ಮುಷ್ಟಿ ಕಟ್ಟುವುದು, ಬಿಡುವುದು, ಕಟ್ಟುವುದು, ಬಿಡುವುದು ಮಾಡುತ್ತಿದ್ದಳು.

ಸ್ಟೆರಾಯ್ಡ್ ಮಾತ್ರೆ ಇಳಿಯುತ್ತಾ ಬಂದಂತೆ ನೋವು ಏರಿತು. ಮುಂಗಾರಿನ ಹೊತ್ತಿಗೆ ಮುಷ್ಟಿ ಹೋಯಿತು. ಮನೆಯಲ್ಲಿ ಸೊಸೆ ಬೆಳಗ್ಗೆಯೇ ಅಂಗನವಾಡಿ ಕೆಲಸಕ್ಕೆ ಹೋಗುತ್ತಾಳೆ, ಮಗ ಹೊಲಕ್ಕೆ. ಮಧ್ಯಾಹ್ನದ ಮುದ್ದೆ ಭಾವನ ಪಾಲಿಗೆ ಬಂತು. ಭಾವನ ಮುದ್ದೆಯನ್ನು ನಾನೂ ಉಂಡಿದ್ದೇನೆ. ಮುರಿದರೆ ಒಳಗೆ ಹಸಿ ಹಿಟ್ಟಿನ ಗಂಟು, ಹೊರಗೆ ಐದೂ ಬೆರಳಿನ ಗುರುತು. ಅಕ್ಕ ಅದನ್ನು ಒಂದು ಮಾತೂ ಆಡದೆ ಉಣ್ಣುತ್ತಿದ್ದಳು. ಅವಳು ಬೈದಿದ್ದರೆ ನಮಗೆಲ್ಲ ಎಷ್ಟೋ ಸಮಾಧಾನವಾಗುತ್ತಿತ್ತು.

ನನ್ನ ಫೋನು ಎತ್ತುವುದನ್ನೂ ನಿಲ್ಲಿಸಿದಳು. ಭಾವನೇ ಎತ್ತಿ, ಪಕ್ಕದಲ್ಲಿದ್ದವಳಿಗೆ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ಹೇಳುವರು: "ಮಾತ್ರೆ ತಪ್ಪುಸ್ತಿಲ್ಲ ಕಣವ್ವ. ಆದ್ರೆ ನಿನ್ ಎಸ್ರೆತ್ತುದ್ರೆ, ಅವಳೇ ನನ್ ಕೈ ಕಿತ್ಕಂಡ್ಳು ಅಂತಾಳ." ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು. ಸರಿ ಎಂದು ಗೊತ್ತಿದ್ದರೂ ನಿದ್ದೆ ಬರುತ್ತಿರಲಿಲ್ಲ. ಕೀಲುವಾತದ ಆ ಮಾತ್ರೆ ಕೆಲಸ ಮಾಡದೇ ಹೋದರೆ ನಾನು ಅಕ್ಕನಿಂದ ಕೈಯನ್ನೂ ಕಿತ್ತುಕೊಂಡು, ಅಕ್ಕನನ್ನೂ ಕಳೆದುಕೊಂಡ ಹಾಗೆ.

ಹೋದ ವಾರ ಅಕ್ಕನೇ ಫೋನು ಮಾಡಿದಳು. ದನಿ ಒರಟಾಗಿತ್ತು. "ಭಾನುವಾರ ಬಾ. ಕಾಲಿಡು."

"ಅಕ್ಕ, ನನ್ನ ಕಾಲಲ್ಲಿ ಏನೂ ಇಲ್ಲ. ನಿನಗೂ ಗೊತ್ತಲ್ಲ."

"ಗೊತ್ತು. ಬಾ."

ನಿನ್ನೆ ಹೋದೆ. ದಾರಿಯುದ್ದಕ್ಕೂ ಚೆಂಡುಹೂವಿನ ಹೊಲಗಳು ಹಳದಿಯಾಗಿದ್ದವು. ಜಗಲಿಯ ಮೇಲೆ ಬಟ್ಟಲಲ್ಲಿ ಎಣ್ಣೆ ಆಗಲೇ ಕಾದಿತ್ತು. ಲಕ್ಕಿ ಸೊಪ್ಪಿನ ಘಾಟು ವಾಸನೆ, ಅರಿಶಿನ, ಎಲ್ಲ ಹಳೆಯ ಹಾಗೆಯೇ. ಅಕ್ಕನ ಮುಖ ಇಳಿದು ಮೊದಲಿನ ಮುಖವಾಗಿತ್ತು, ಕಣ್ಣ ಸುತ್ತ ಸುಕ್ಕುಗಳು ವಾಪಸು ಬಂದಿದ್ದವು. ಆ ಸುಕ್ಕುಗಳನ್ನು ನೋಡಿ ಇಷ್ಟು ಸಂತೋಷವಾದೀತೆಂದು ನಾನು ಎಣಿಸಿರಲಿಲ್ಲ. ಭಾವ ಚಮಚ ಹಿಡಿದು ಬಂದರೆ ಅಕ್ಕ, "ನೀವ್ ಒಳೀಕೆ ಓಗಿ" ಎಂದು ಗದರಿ, ನನ್ನ ಕಾಲನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಬೇಡ ಅಕ್ಕ, ನೀನು ದೊಡ್ಡವಳು, ನಿನಗೆ ನೋವಾಗುತ್ತೆ."

"ಸುಮ್ಕಿರು. ಕಾಲು ನಿಂದು, ಕಷ್ಟ ನಂದು."

ಮೊದಲು ಅಂಗೈಯಿಂದ ಸವರಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಬೆರಳನ್ನು ಮಡಚಿ, ಹಿಮ್ಮಡಿಯ ಒಡಕುಗಳೊಳಕ್ಕೆ ಎಣ್ಣೆ ತಿಕ್ಕಿದಳು. ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಆದರೆ ಮಡಚುತ್ತಿದ್ದವು. ನಾನು ಅವಳ ಬೆರಳನ್ನು ನೋಡುತ್ತಿದ್ದೆ, ಅವಳು ನನ್ನ ಮುಖ ನೋಡದೆ ಕೆಲಸ ಮಾಡುತ್ತಿದ್ದಳು.

"ನಿನ್ ಕಾಲು ವಾಸಿ ಮಾಡದೇನೂ ಬ್ಯಾಡ ಕಣಮ್ಮಿ" ಎಂದಳು. "ನನ್ ಕೈಗೆ ಒಂದ್ ಕೆಲ್ಸ ಬೇಕಾಗಿತ್ತು."

ಅವಳು ಚಾಪೆಯ ಮೇಲೆ ಕೈ ಚಾಚಿದಳು, ನಾನು ಕಾಲು ತಾಗಿಸಿದೆ, ಅಷ್ಟೇ. ಮುಗಿದ ಮೇಲೆ ಹಿರಿಯಳಿಗೆ ಕಾಲು ತಾಗಿಸಿದ್ದಕ್ಕೆ ಅವ್ವ ಕಲಿಸಿದ ಹಾಗೆ ಬಗ್ಗಿ ಅಕ್ಕನ ಪಾದ ಮುಟ್ಟಿದೆ. ಆಶೀರ್ವಾದಕ್ಕೆ ಕೈ ಬರುತ್ತದೆಂದು ಕಾದಿದ್ದರೆ ನೆತ್ತಿಯ ಮೇಲೆ ಟಪ್ ಎಂದು ಬಿತ್ತು. ಅಕ್ಕ ಮೊಟಕಿದ್ದಳು. ಅರ್ಧ ಕಟ್ಟಿದ ಮುಷ್ಟಿ. ನೋಯಲೇ ಇಲ್ಲ.

"ಇದೆಂಥಾ ಮೊಟಕು? ಸರಿಯಾಗಿ ಮೊಟಕು" ಎಂದೆ, ತಲೆ ಎತ್ತದೆ.

ಅಕ್ಕ ಕೈಯನ್ನು ಕಣ್ಣ ಮುಂದೆ ಹಿಡಿದು, ಬೆರಳುಗಳನ್ನು ಬಿಚ್ಚಿ ಮತ್ತೆ ಮಡಚಿ ನೋಡಿಕೊಂಡಳು.

"ಇನ್ನೊಂದ್ ತಿಂಗ್ಳು ತಡಿ" ಎಂದಳು. "ಅಳುಸ್ತಿನಿ."